ಒಂದು ಚಮಚ ಹಾಲಿನ ತೂಕ

ಮರಳಿನ ತಟ್ಟೆಯಲ್ಲಿ ಇವತ್ತೂ ಏನೂ ಇರಲಿಲ್ಲ. ಅವನು ಬಚ್ಚಲಿನ ಮೂಲೆಯಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಸಣ್ಣ ಸಲಿಕೆಯಿಂದ ಮರಳನ್ನು ಆಚೆಯಿಂದ ಈಚೆಗೆ ಎಳೆದು, ಈಚೆಯಿಂದ ಆಚೆಗೆ ತಳ್ಳಿ, ಕೊನೆಗೆ ನಂಬಿಕೆ ಸಾಲದೆ ಬೆರಳಿನಿಂದಲೇ ಕೆದಕಿ ನೋಡಿದ. ಇಷ್ಟು ವರ್ಷ ಈ ತಟ್ಟೆಯ ಮುಂದೆ ಕೂರುವಾಗೆಲ್ಲ ಎಲ್ಲಿ ನೀರುನೀರಾಗಿರುತ್ತದೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಹೇಗಾದರೂ ಇರಲಿ, ಏನಾದರೊಂದು ಇದ್ದರೆ ಸಾಕು ಎಂದು ಹಂಬಲಿಸುವ ಸ್ಥಿತಿಗೆ ಬಂದು ಮುಟ್ಟಿದೆನಲ್ಲ ಎಂದುಕೊಂಡ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಬರುತ್ತಿದ್ದಾನೆ ಎಂದರೆ ಪೇಟೆಯ ಈ ತುದಿಯಿಂದ ಆ ತುದಿಯವರೆಗೆ ತಕ್ಕಡಿಗಳು ತಾವಾಗಿ ನೆಟ್ಟಗಾಗುತ್ತವೆ. ಅಂಥವನು ಬೆಳಿಗ್ಗೆ ಎದ್ದು ಬೆಕ್ಕಿನ ಕಕ್ಕಸಿನ ಮುಂದೆ ಕೈಕಟ್ಟಿ ಕೂರುತ್ತಾನೆಂದು ಪೇಟೆಯವರಿಗೆ ಗೊತ್ತಿಲ್ಲದಿರುವುದು ದೊಡ್ಡ ಪುಣ್ಯ. ದೊರೆ ಬಟ್ಟೆ ಒಗೆಯುವ ಯಂತ್ರದ ಮೇಲೆ ಕೂತು ಅವನನ್ನೇ ನೋಡುತ್ತಿತ್ತು. ಮೆಟ್ಟಿಲ ಕೆಳಗೆ ಸಿಕ್ಕ ಬೆಕ್ಕು ಮನೆಗೆ ಬಂದ ಮೊದಲ ದಿನವೇ ಇದ್ದ ಒಂದೇ ಒಳ್ಳೆಯ ಕುರ್ಚಿಯನ್ನು ಹಿಡಿದುಕೊಂಡಿತೆಂದು ಹೆಂಡತಿ ಅದಕ್ಕೆ ದೊರೆ ಎಂದು ಹೆಸರಿಟ್ಟಿದ್ದಳು. ದೊರೆಯ ಹೊಟ್ಟೆ ಉಬ್ಬಿ, ಎರಡೂ ಪಕ್ಕೆಗಳು ಬಿಗಿದುಕೊಂಡಿದ್ದವು.

"ಆಯ್ತಾ?" ಎಂದಳು ಹೆಂಡತಿ ಅಡುಗೆಮನೆಯಿಂದ.

"ಇಲ್ಲ."

"ಸ್ವಲ್ಪಾನೂ?"

"ಸ್ವಲ್ಪಾನೂ ಇಲ್ಲ."

"ಹಾಗಾದ್ರೆ ಇವತ್ತು ಡಾಕ್ಟ್ರಿಗೆ ತೋರಿಸ್ಬೇಕು" ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ.

ಬೇರೆ ಮನೆಗಳಲ್ಲಿ ಗಂಡಹೆಂಡಿರು ಏನು ಮಾತಾಡುತ್ತಾರೋ ಅವನಿಗೆ ತಿಳಿಯದು. ಅವರಿಬ್ಬರ ನಡುವೆ ಮಾತು ಯಾವಾಗ ಬತ್ತಿತೆಂದು ಹೇಳುವುದು ಕಷ್ಟ. ಜಗಳವಾಡಿದ್ದರೆ ದಿನವಾದರೂ ನೆನಪಿರುತ್ತಿತ್ತು. ದೊರೆಗೆ ಕಾಯಿಲೆ ಬಂದ ಮೇಲೆ ಮನೆಗೆ ಮತ್ತೆ ಒಂದು ಭಾಷೆ ಬಂತು. ಹೇಗಿತ್ತು? ಗಟ್ಟಿಯಿತ್ತು. ಬಣ್ಣ? ಪರವಾಗಿಲ್ಲ. ಒಂದೇ ಸಲವಾ? ಎರಡು ಸಲ, ಎರಡನೆಯದು ಸ್ವಲ್ಪ ಮೆತ್ತಗೆ. ಹೀಗೆ ಬಾಗಿಲಾಚೆ ಈಚೆ ನಿಂತು ಆಡುತ್ತಿದ್ದ ಮಾತಿನಲ್ಲಿ ಒಮ್ಮೊಮ್ಮೆ ಎಂಥ ಸಲಿಗೆ ಇರುತ್ತಿತ್ತೆಂದರೆ, ಹೊಸದಾಗಿ ಮದುವೆಯಾದಾಗಲೂ ಇಷ್ಟು ಸಂಕೋಚ ಬಿಟ್ಟು ಮಾತಾಡಿದ್ದು ಅವನಿಗೆ ನೆನಪಿಲ್ಲ. ಕರುಳಿನ ಹಳೆಯ ಉರಿ ಎಂದಿದ್ದಳು ಬೆಕ್ಕಿನ ಡಾಕ್ಟರಮ್ಮ ಮೊದಲ ಸಲ ತೋರಿಸಿದಾಗ. "ಇದು ವಾಸಿ ಆಗೋ ಕಾಯಿಲೆ ಅಲ್ಲ, ಹೊಂದಿಸ್ಕೊಂಡು ಹೋಗೋ ಕಾಯಿಲೆ." ಆಗ ಗಂಡಹೆಂಡಿರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡಿದ್ದರು, ಆ ವಿದ್ಯೆ ಇಬ್ಬರಿಗೂ ಹೊಸದಲ್ಲ. ಬರೆದುಕೊಟ್ಟ ಡಬ್ಬಿಯ ಆಹಾರ ಬಿಟ್ಟು ಬೇರೇನೂ ಹಾಕಬಾರದು, ಹಾಲನ್ನಂತೂ ಮೂಸಲೂ ಕೊಡಬಾರದು, ಸಂಜೆ ಹೊಟ್ಟೆ ಕಟ್ಟುವ ಪುಡಿ. ಡಬ್ಬಿ, ಪುಡಿ ಹೆಂಡತಿಯ ಪಾಲು. ಅವನ ಪಾಲಿಗೆ ಮರಳಿನ ತಟ್ಟೆ. ಹಾಲು ಯಾರ ಪಾಲಿಗೂ ಬಂದಿರಲಿಲ್ಲ.

ಆದರೂ ಅವನು ಹಾಲು ಕೊಟ್ಟ. ಬೆಳಕು ಹರಿಯುವ ಹೊತ್ತಿಗೆ ತನ್ನ ಚಹಾ ತಾನೇ ಮಾಡಿಕೊಳ್ಳಲು ಅಡುಗೆಮನೆಗೆ ಹೋದರೆ ದೊರೆ ಕಾಲಿಗೆ ಮೈ ಉಜ್ಜಿಕೊಂಡು ಕತ್ತೆತ್ತಿ ನೋಡುತ್ತಿತ್ತು. ಅವನನ್ನು ನೋಡಿದರೆ ಜನ ಏನನ್ನಾದರೂ ಬಚ್ಚಿಡುತ್ತಾರೆಯೇ ಹೊರತು ಯಾರೂ ಏನನ್ನೂ ಕೇಳುವುದಿಲ್ಲ. ಕೇಳಿದ್ದು ಇದೊಂದೇ ಜೀವ. ಒಂದು ಚಮಚ ತಾನೇ, ಅಂದುಕೊಂಡು ಚಹಾದ ತಟ್ಟೆಗೆ ಹಾಕಿದ. ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನೆಲದ ಮೇಲೆ ಕೂತು, ಕೂತದ್ದಕ್ಕೆ ಒಂದೆರಡು ಮಾತಾಡಿದ. ತಟ್ಟೆಯನ್ನು ತೊಳೆದು, ಒರೆಸಿ, ಒಂದು ಹನಿ ಉಳಿಯದ ಹಾಗೆ ಮೊದಲಿನ ಜಾಗದಲ್ಲೇ ಇಟ್ಟ. ಕಳ್ಳತನದಲ್ಲೂ ಇಲಾಖೆಯ ಶಿಸ್ತು. ಮರುದಿನವೂ ಅಷ್ಟೇ, ಆಮೇಲೆ ಅದೇ ರೂಢಿಯಾಯಿತು. ದೊರೆಯ ಹೊಟ್ಟೆ ಕೆಟ್ಟ ದಿನ ಹೆಂಡತಿ ಅವನೊಂದಿಗೆ ಹೆಚ್ಚು ಮಾತಾಡುತ್ತಾಳೆ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದಕ್ಕೆಂದೇ ಹಾಲು ಕೊಡುತ್ತಿದ್ದ ಎಂದರೆ ಅದೂ ಪೂರ್ತಿ ನಿಜವಲ್ಲ. ಇವೆರಡರ ನಡುವೆ ಎಲ್ಲೋ ತಕ್ಕಡಿಯ ಮುಳ್ಳು ನಿಲ್ಲುತ್ತಿತ್ತು, ಅದು ಎಲ್ಲಿ ನಿಂತಿದೆಯೆಂದು ಬಗ್ಗಿ ನೋಡುವ ಧೈರ್ಯವನ್ನು ಅವನು ಮಾಡಲಿಲ್ಲ. ಹೋದ ವಾರ ಒಂದು ಸಂಜೆ ಮನೆಗೆ ಬಂದಾಗ ಬಚ್ಚಲಲ್ಲಿ ಹೆಂಡತಿ ದೊರೆಯ ಹಿಂಭಾಗವನ್ನು ಬೆಚ್ಚಗಿನ ನೀರಿನಲ್ಲಿ ತೊಳೆಯುತ್ತಿದ್ದಳು. ಸೀರೆಯ ಸೆರಗೆಲ್ಲ ಹೊಲಸು. "ನಾನೇನಪ್ಪ ತಪ್ಪು ಮಾಡ್ದೆ, ನಿಂಗೆ ಹಾಕಬಾರದ್ದು ಏನು ಹಾಕ್ದೆ?" ಎಂದು ಅದನ್ನು ಕೇಳುತ್ತಿದ್ದಳು. ಅವನು ಚಪ್ಪಲಿ ಬಿಡದೆ ಅಲ್ಲೇ ನಿಂತುಬಿಟ್ಟ. ಮರುದಿನದಿಂದ ಹಾಲು ಬಂದ್.

ಬಂದ್ ಮಾಡಿದ ಮೇಲೆ ಮೈ ಹಗುರಾಗಿತ್ತು. ಬಸ್ಸಿನಲ್ಲಿ ಒಬ್ಬ ಮುದುಕನಿಗೆ ಸೀಟು ಬಿಟ್ಟುಕೊಟ್ಟ, ಕಚೇರಿಯಲ್ಲಿ ಜವಾನನನ್ನು ಕ್ಷೇಮ ಸಮಾಚಾರ ಕೇಳಿ ಗಾಬರಿಗೊಳಿಸಿದ. ಆದರೆ ದೊರೆಗೆ ಅವನ ವೈರಾಗ್ಯದ ಸುದ್ದಿ ತಲುಪಿರಲಿಲ್ಲ. ಬೆಳಿಗ್ಗೆ ಅದೇ ಹೊತ್ತಿಗೆ ಬಂದು ಅದೇ ಜಾಗದಲ್ಲಿ ಕೂತಿತು. ಬರಿಗೈ ತೋರಿಸಲಾರದೆ ಅದೇ ತಟ್ಟೆಗೆ ನೀರು ಹಾಕಿಟ್ಟ. ಹಾಲಿಗೆ ನೀರು ಬೆರೆಸಿದವರ ಮೇಲೆ ಜೀವಮಾನವಿಡೀ ಹರಿಹಾಯ್ದವನು, ಹಾಲನ್ನೇ ಬೆರೆಸದೆ ಬರೀ ನೀರು ಮಾರಲು ಕೂತ ಹಾಗಾಯಿತು. ದೊರೆ ಮೂಸಿತು, ಅವನ ಮುಖ ನೋಡಿತು, ಬಾಲವೆತ್ತಿಕೊಂಡು ಹೊರಟುಹೋಯಿತು. ಅವನಿಗೆ ಮಾತಾಡಲು ಬಾಯಿ ಬರಲಿಲ್ಲ. ನೀರು ಚೆಲ್ಲಿ, ರೂಢಿಯಂತೆ ತಟ್ಟೆ ತೊಳೆದು, ಒರೆಸಿ ಇಟ್ಟ. ಹೀಗೇ ವಾರ ಕಳೆಯಿತು. ಈ ವಾರದಲ್ಲಿ ದೊರೆಯ ಹೊಟ್ಟೆಯಿಂದ ಒಂದು ಕಾಳಿನಷ್ಟೂ ಹೊರಗೆ ಬಂದಿರಲಿಲ್ಲ.

ಆ ದಿನ ಪೇಟೆಗೆ ತಪಾಸಣೆಗೆ ಹೋದಾಗ ಕಾಳಿನ ಅಂಗಡಿಯ ಮುದುಕ ಅವನನ್ನು ಕಂಡಕೂಡಲೇ ಸ್ಟೂಲನ್ನು ಒರೆಸಿ ಮುಂದಿಟ್ಟ. ಅವನು ಕೂರದೆ ಚೀಲದಿಂದ ಹಿತ್ತಾಳೆಯ ತೂಕಗಳನ್ನು ತೆಗೆದು ತಕ್ಕಡಿಯ ಮೇಲೆ ಒಂದೊಂದಾಗಿ ಇಟ್ಟ. ಮುಳ್ಳು ನಿಲ್ಲಬೇಕಾದ ಗೆರೆಯನ್ನು ದಾಟಿ ಸ್ವಲ್ಪ ಮುಂದೆ ಹೋಗಿ ನಿಂತಿತು.

"ಮುಂದೆ ಓಡ್ತಿದೆ."

"ಓಡುತ್ತೆ ಸಾರ್. ನಂಗೂ ಗೊತ್ತು, ಗಿರಾಕಿಗೂ ಗೊತ್ತು. ಅದಕ್ಕೇ ಕೊನೇಲಿ ಒಂದು ಹಿಡಿ ಕಾಳು ಮೇಲೆ ಹಾಕ್ತೀನಿ. ಲೆಕ್ಕ ಸರಿಹೋಗುತ್ತೆ."

"ತಕ್ಕಡಿಗೆ ಇಲಾಖೆ ಮುದ್ರೆ ಇದೆ, ನಿಮ್ಮ ಹಿಡಿಗೆ ಯಾರು ಮುದ್ರೆ ಒತ್ತಿದ್ದಾರೆ?"

"ಮದುವೆ ಆದಾಗಿನಿಂದ ನನ್ನ ಹೆಂಡ್ತಿ ಸಾರ್."

ಪಕ್ಕದಂಗಡಿಯವನು ಕಿಸಕ್ಕೆಂದ. ಮುದುಕನ ಕೈ ಬಹಳ ಚಿಕ್ಕದು, ಮಗುವಿನ ಕೈಯಷ್ಟೇ ಇದೆ ಎಂಬುದನ್ನು ಅವನು ಗಮನಿಸಿದ. ಲೆಕ್ಕ ಸರಿಹೋಗುವುದು ಯಾರ ಕಡೆಗೆ ಎಂಬುದು ಕೇಳಬೇಕಾದ ಪ್ರಶ್ನೆಯೇ. ಗಂಟಲು ಸರಿಮಾಡಿಕೊಂಡು, "ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಕ್ಷಮೆ ಇದೆ, ಗೊತ್ತಿದ್ದೂ ಮಾಡೋ ತಪ್ಪಿಗೆ ಇಲ್ಲ" ಎಂದ. ಎಷ್ಟೋ ಅಂಗಡಿಗಳಲ್ಲಿ ಆಡಿ ಸವೆದ ಮಾತು. ಇವತ್ತು ಮಾತ್ರ ಆಡಿದ ಮೇಲೆ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅಂಗಿಯ ಹೆಗಲು ಸರಿಮಾಡಿಕೊಂಡ. ತಕ್ಕಡಿಯನ್ನು ಇನ್ನು ಬಳಸದಂತೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತುತ್ತಿರುವಾಗಲೇ ಫೋನು ಬಂತು.

"ರೀ, ದೊರೆ ವಾಂತಿ ಮಾಡ್ತು. ತಿನ್ನೋದೂ ಬಿಟ್ಟಿದೆ, ಎತ್ತಿಕೊಂಡ್ರೆ ಕೂಗುತ್ತೆ. ನಾನು ಆಸ್ಪತ್ರೆಗೆ ಹೊರಟೆ." ಬನ್ನಿ ಎಂದು ಅವಳು ಹೇಳಲಿಲ್ಲ. ಇವನೂ ಬರುತ್ತೇನೆ ಎನ್ನಲಿಲ್ಲ.

ಆದರೂ ಆಸ್ಪತ್ರೆಯ ಕಡೆಯ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತು, ತೂಕದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹೇಗೆ ಹೇಳುವುದೆಂದು ಯೋಚಿಸಿದ. ಹೇಳದೆ ಇದ್ದರೆ ಡಾಕ್ಟರು ಕತ್ತಲಲ್ಲಿ ಕೈಯಾಡಿಸುತ್ತಾಳೆ, ದೊರೆ ಸತ್ತರೂ ಸಾಯಬಹುದು. ಹೇಳಿದರೆ ಬಣ್ಣಗೇಡು. ಹಾಲು ನಿಲ್ಲಿಸಿದ್ದೇನೆ ಎನ್ನಬೇಕಾದರೆ ಮೊದಲು ಹಾಲು ಕೊಡುತ್ತಿದ್ದೆ ಎನ್ನಬೇಕು. ಪುಣ್ಯವನ್ನು ಹೇಳಿಕೊಳ್ಳಲು ಪಾಪದ ಬಾಗಿಲಿನಿಂದಲೇ ಒಳಗೆ ಬರಬೇಕಾದ ಇಕ್ಕಟ್ಟು. ಸಿಕ್ಕಿಬಿದ್ದ ವ್ಯಾಪಾರಿಗಳೆಲ್ಲ ಹೇಳುವ ಮಾತು ಅವನಿಗೆ ಬಾಯಿಪಾಠವಾಗಿತ್ತು: ಇವತ್ತೇ ಮೊದಲು ಸಾರ್, ನಿನ್ನೆ ತಾನೇ ಕೆಟ್ಟಿದ್ದು ಸಾರ್, ಮನೆಯಲ್ಲಿ ಕಷ್ಟ ಸಾರ್. ಒಂದೊಂದನ್ನೂ ತನ್ನ ಬಾಯಲ್ಲಿಟ್ಟು ನೋಡಿದ. ಯಾವುದೂ ಅವರ ಬಾಯಲ್ಲಿದ್ದಷ್ಟು ಚೆನ್ನಾಗಿ ಹೊಂದಲಿಲ್ಲ. ಅವಳು ಏನನ್ನುತ್ತಾಳೆ? ಏನೂ ಅನ್ನಲಿಕ್ಕಿಲ್ಲ, ಅದೇ ಭಯ. ಇದ್ದ ಒಂದು ಭಾಷೆಯೂ ಹೋಗಿ, ಇಬ್ಬರೂ ಎರಡು ಕೋಣೆಗಳಲ್ಲಿ ಡಬ್ಬಿಗಳ ಮುಚ್ಚಳ ತೆಗೆಯುವ, ಹಾಕುವ ಸದ್ದು ಕೇಳಿಕೊಂಡು ಮುದುಕರಾಗುತ್ತೇವೆ ಎಂದು ಅನಿಸಿತು. ಇಳಿಯುವ ಜಾಗ ದಾಟಿ ಹೋಗಿದ್ದರಿಂದ ಹಿಂದಕ್ಕೆ ನಡೆಯಬೇಕಾಯಿತು.

ಆಸ್ಪತ್ರೆಯಲ್ಲಿ ಹೆಂಡತಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು. ಅವನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದಳು, ಅಷ್ಟೇ. ಒಳಗೆ ಕರೆದಾಗ ಬುಟ್ಟಿಯನ್ನು ಅವನೇ ಎತ್ತಿಕೊಂಡ. ಡಾಕ್ಟರಮ್ಮ ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಎತ್ತಿ ಕಟ್ಟಿದ, ಗಂಟಲು ಒಡೆದ, ಎಷ್ಟು ನಿದ್ದೆ ಮಾಡಿದರೂ ಸಾಲದವಳ ಹಾಗೆ ಕಾಣುವ ಹೆಂಗಸು. ದೊರೆಯನ್ನು ಉಕ್ಕಿನ ಮೇಜಿನ ಮೇಲೆ ನಿಲ್ಲಿಸಿ, ಹೊಟ್ಟೆಯ ಕೆಳಗೆ ಎರಡೂ ಕೈ ಹಾಕಿ ಒತ್ತಿ ನೋಡಿದಳು. ದೊರೆ ಕೂಗಿತು.

"ಕಲ್ಲು ಕಟ್ಟಿದ ಹಾಗಿದೆ. ಇದ್ದಕ್ಕಿದ್ದ ಹಾಗೆ ಯಾಕೆ? ಏನಾದ್ರೂ ಬದಲಾಯಿಸಿದ್ರಾ?"

"ಏನೂ ಇಲ್ಲ ಡಾಕ್ಟ್ರೇ" ಎಂದಳು ಹೆಂಡತಿ. "ಅದೇ ಡಬ್ಬಿ, ಅದೇ ಪುಡಿ, ಅದೇ ಹಾಲು."

ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಗೋಡೆಯ ಮೇಲಿನ ಚಿತ್ರದಲ್ಲಿ ಸೀಳಿದ ನಾಯಿಯೊಂದು ತನ್ನ ಕರುಳನ್ನೆಲ್ಲ ತೋರಿಸಿಕೊಂಡು ನಗುತ್ತಾ ನಿಂತಿತ್ತು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಕೋಪವಿರಲಿಲ್ಲ. ಉಪ್ಪು, ಸಕ್ಕರೆ ಎಂದಂತೆ ಹಾಲು ಎಂದಿದ್ದಳು. ತಾನು ತಪ್ಪು ಕೇಳಿಸಿಕೊಂಡೆನೇನೋ ಎಂದು ಅವನು ಡಾಕ್ಟರ ಮುಖ ನೋಡಿದರೆ, ಆಕೆ ಆಗಲೇ ಅವನ ಕಡೆಗೆ ತಿರುಗಿದ್ದಳು.

"ಸಾರ್, ನೀವೇ ಅಲ್ವಾ ಹಾಲಿನವರು? ಮೊದಲಿನಷ್ಟೇ ಕೊಡ್ತಿದ್ದೀರಾ, ಕಮ್ಮಿ ಮಾಡಿದ್ರಾ?"

ಅವನು ದೊರೆಯ ಬೆನ್ನ ಮೇಲೆ ಕೈ ಇಟ್ಟ. ಅದು ನಡುಗುತ್ತಿತ್ತು.

"ನಿಲ್ಲಿಸಿದ್ದೀನಿ."

"ಯಾವಾಗ?" ಎಂದವಳು ಹೆಂಡತಿ.

"ಒಂದು ವಾರ ಆಯ್ತು."

"ಅಯ್ಯೋ, ನಂಗೊಂದು ಮಾತು ಹೇಳಬಾರದಿತ್ತಾ!"

ಇಷ್ಟು ದಿನ ಬೆನ್ನ ಹಿಂದೆ ಕದ್ದು ಕೊಟ್ಟಿದ್ದಕ್ಕೆ ಒಂದು ಮಾತಿಲ್ಲ, ಕದ್ದು ನಿಲ್ಲಿಸಿದ್ದಕ್ಕೆ ಅವಳ ಕಣ್ಣು ಕೆಂಪಾಗಿತ್ತು. ಡಾಕ್ಟರಮ್ಮ ಮಾತ್ರ ನಿರಾಳವಾಗಿ ಉಸಿರುಬಿಟ್ಟಳು. "ಸಿಕ್ತಲ್ಲ ಕಾರಣ! ನಾನು ಏನೇನೋ ಅಂದ್ಕೊಂಡಿದ್ದೆ. ಸಾರ್, ನಿಮ್ಮ ಹಾಲು ಲೆಕ್ಕಕ್ಕೆ ಹಿಡಿದೇ ನಾನು ಪುಡಿ ಜಾಸ್ತಿ ಬರೆದಿದ್ದು. ಹಾಲು ಸಡಿಲ ಮಾಡುತ್ತೆ, ಪುಡಿ ಬಿಗಿ ಮಾಡುತ್ತೆ. ನೀವು ಒಂದು ಕಡೆ ಕೈಬಿಟ್ರಿ, ಪುಡಿ ಒಂದೇ ಎಳೀತು."

"ಹಾಲು ಮೂಸಲೂ ಕೊಡಬಾರದು ಅಂತ ನೀವೇ ಅಂದಿದ್ರಿ."

"ಅಂದಿದ್ದೆ. ಆಮೇಲೊಂದು ಸಲ ಅಮ್ಮಾವ್ರೇ ಬಂದು, ಅದು ನಿಲ್ಲೋ ಹಾಲಲ್ಲ ಡಾಕ್ಟ್ರೇ ಅಂದ್ರು. ನಾನು ಬೆಕ್ಕಿಗೆ ಮಾತ್ರ ಔಷಧಿ ಬರೆಯೋಕೆ ಆಗುತ್ತಾ? ಮನೆ ನೋಡಿ ಬರೀಬೇಕು."

ಆಕೆ ದೊರೆಯನ್ನು ಒಳಗೆ ಒಯ್ದು ಎನಿಮಾ ಕೊಡುವಾಗ ಇಬ್ಬರೂ ಹೊರಗೆ ಬೆಂಚಿನ ಮೇಲೆ ಕೂತರು. ಅವನಿಗೆ ತಲೆ ತಗ್ಗಿಸಬೇಕೋ, ರೇಗಬೇಕೋ ತಿಳಿಯಲಿಲ್ಲ. ರಾತ್ರಿಯೆಲ್ಲ ತಪ್ಪಿತಸ್ಥನೆಂದು ಹೊರಳಾಡಿದ್ದು, ತಟ್ಟೆ ತೊಳೆಯುವಾಗ ಎದೆ ಹೊಡೆದುಕೊಂಡದ್ದು, ಕೊನೆಗೆ ಅಷ್ಟು ಕಷ್ಟಪಟ್ಟು ತೊಟ್ಟ ವೈರಾಗ್ಯ, ಇವೆಲ್ಲವೂ ಒಬ್ಬ ಡಾಕ್ಟರಮ್ಮನ ಚೀಟಿಯಲ್ಲಿ ಪುಡಿಯಾಗಿ ಸೇರಿಕೊಂಡಿದ್ದವು. ತನ್ನದೆಂದು ಇದ್ದ ಒಂದೇ ಒಂದು ಗುಟ್ಟನ್ನು ಇಷ್ಟು ಜನ ಸೇರಿ ಬಳಸುತ್ತಿದ್ದರೆಂದು ನೆನೆದರೆ ಅವಮಾನವಾಗುತ್ತಿತ್ತು. ಪಾಪಿ ಎನಿಸಿಕೊಳ್ಳುವ ಗೌರವವೂ ಉಳಿಯಲಿಲ್ಲ.

"ಹೇಗೆ ಗೊತ್ತಾಯ್ತು?" ಎಂದ.

"ಮದುವೆ ಆದಾಗಿನಿಂದ ಈ ಮನೇಲಿ ನೀವು ತೊಳೆದಿಟ್ಟ ತಟ್ಟೆ ಅದೊಂದೇ. ನಂಗೆ ಗೊತ್ತಾಗಲ್ವಾ?"

ಅವನು ತೂಕದ ಚೀಲವನ್ನು ತೊಡೆಯಿಂದ ಕೆಳಗಿಟ್ಟ.

"ಈ ವಾರಾನೂ ತೊಳೆದಿಟ್ಟಿದ್ರಲ್ಲ. ಅದಕ್ಕೇ ಕೊಡ್ತಿದ್ದೀರಿ ಅಂತ ನಾನು ಪುಡಿ ಹಾಕ್ತಾನೇ ಹೋದೆ."

"ನೀರು ಹಾಕ್ತಿದ್ದೆ."

ಅವಳು ಅವನನ್ನೇ ನೋಡಿದಳು. ಅಳುತ್ತಾಳೆ ಎಂದುಕೊಂಡ, ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಬೆಂಚಿನ ಆ ತುದಿಯಲ್ಲಿ ಮೊಲ ಹಿಡಿದು ಕೂತಿದ್ದವರು ಇತ್ತ ತಿರುಗಿದರು. "ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತೆ ಅಂತಾರೆ" ಎಂದಳು, ನಗು ತಡೆಯುತ್ತ. "ನಮ್ಮನೇಲಿ ಬೆಕ್ಕು ಕಣ್ಣು ಬಿಟ್ಟುಕೊಂಡೇ ಕುಡೀತು. ಕಣ್ಣು ಮುಚ್ಚಿಕೊಂಡಿದ್ದು ಕುಡಿಸಿದವರು."

"ಗೊತ್ತಿದ್ದ ಮೇಲೆ ಮುಖಕ್ಕೆ ಹೇಳಬಹುದಿತ್ತಲ್ಲ" ಎಂದ ಅವನು, ದನಿ ಏರಿಸಿ. "ಅವತ್ತು ಬಚ್ಚಲಲ್ಲಿ ನೀನು ದೊರೇನ ಕೇಳ್ತಿದ್ದೆ, ನಾನೇನು ತಪ್ಪು ಮಾಡ್ದೆ ಅಂತ. ಅದನ್ನ ಕೇಳಿಯೇ ನಾನು ನಿಲ್ಲಿಸಿದ್ದು."

"ನೀವು ಬಂದಿದ್ದು ಗೊತ್ತಾಗಿ, ನಿಮಗೆ ಕೇಳಿಸಲಿ ಅಂತಲೇ ಅಂದಿದ್ದು. ಅವತ್ತು ಎರಡು ಚಮಚ ಹಾಕಿದ್ರೇನೋ, ಅಷ್ಟು ಕೆಟ್ಟಿತ್ತು. ಒಂದಕ್ಕೆ ನಿಲ್ಲಿಸಿ ಅನ್ನೋದಕ್ಕೆ ಹಾಗಂದೆ. ಪೂರ್ತಿ ನಿಲ್ಲಿಸಿ ಅಂದ್ನಾ?"

"ನೇರವಾಗಿ ಹೇಳೋದಕ್ಕೇನು?"

"ಹೇಳಿದ್ರೆ ನಿಲ್ಲಿಸಿಬಿಡ್ತಿದ್ರಿ."

"ನಿಲ್ಲಿಸಬೇಕಾದ್ದೇ ತಾನೆ?"

ಅವಳು ಬುಟ್ಟಿಯ ಮುಚ್ಚಳದ ಒಂದು ಕಡ್ಡಿಯನ್ನು ಎಳೆದು ಮತ್ತೆ ಒಳಕ್ಕೆ ಸಿಕ್ಕಿಸಿದಳು. "ಹಾಲು ಹಾಕಿ ಅದರ ಹತ್ರ ಮಾತಾಡ್ತೀರಲ್ಲ, ಅದು ಒಳಗೆ ಕೇಳಿಸುತ್ತೆ. ಅಡುಗೆಮನೆ ಗೋಡೆ ತೆಳು. ಕಚೇರೀಲಿ ಮೇಲಿನ ಜಾಗಕ್ಕೆ ನಿಮ್ಮನ್ನ ಬಿಟ್ಟು ನಿಮಗಿಂತ ಚಿಕ್ಕೋನನ್ನ ಕೂರಿಸಿದ್ರಲ್ಲ, ಅದು ನಂಗೆ ಗೊತ್ತಾಗಿದ್ದು ಹಾಗೆ. ನೀವು ದೊರೆಗೆ ಹೇಳಿದ್ರಿ. ನಂಗೆ ಹೇಳಲಿಲ್ಲ." ಕಡ್ಡಿಯನ್ನು ಇನ್ನೊಮ್ಮೆ ಒಳಕ್ಕೆ ಒತ್ತಿ, "ಈ ವಾರ ಮಾತೇ ಇರಲಿಲ್ಲ. ದೊರೆ ಮೇಲೆ ಏನೋ ಕೋಪ ಇರಬೇಕು ಅಂದ್ಕೊಂಡೆ" ಎಂದಳು.

ಆ ಬೆಳಿಗ್ಗೆ ಅವನಿಗೆ ನೆನಪಿತ್ತು. ಹೊಸ ಅಧಿಕಾರಿಗೆ ಹಾರ ಹಾಕಿ, ಚಪ್ಪಾಳೆ ತಟ್ಟಿ, ಫೋಟೋಗೆ ಪಕ್ಕದಲ್ಲಿ ನಿಂತು ಬಂದ ಮರುದಿನ. ಅಡುಗೆಮನೆಯ ನೆಲದ ಮೇಲೆ ಕೂತು, ಹಾಲು ನೆಕ್ಕುವ ಬೆಕ್ಕಿನ ಕಿವಿಯ ಹಿಂದೆ ಕೆರೆಯುತ್ತ, ನನ್ನಲ್ಲಿ ಏನು ಕಮ್ಮಿ ಇತ್ತು ಹೇಳು ಎಂದು ಕೇಳಿದ್ದ. ಬಹುಶಃ ಅತ್ತೂ ಇದ್ದ. ಗೋಡೆಯಾಚೆ ಅವಳು ಕಣ್ಣು ಮುಚ್ಚಿಕೊಂಡು ಮಲಗಿ ಅದನ್ನೆಲ್ಲ ಕೇಳಿದ್ದಳು. ಅವತ್ತು ಸಂಜೆ ಕಾರಣವಿಲ್ಲದೆ ಅವನ ಅಂಗಿಗಳ ಗುಂಡಿಗಳನ್ನೆಲ್ಲ ಬಿಗಿಯಾಗಿ ಹೊಲಿದಿಟ್ಟಿದ್ದಳು. ಅವನು ಯಾಕೆ ಎಂದು ಕೇಳಿರಲಿಲ್ಲ. ಈಗ ಕೇಳಬೇಕೆನಿಸಿತು. ಅಷ್ಟರಲ್ಲಿ ಡಾಕ್ಟರಮ್ಮ ಬಾಗಿಲು ತೆರೆದು, ಪರೀಕ್ಷೆಯ ಫಲಿತಾಂಶ ಸಾರುವವಳ ಹಾಗೆ, "ಆಯ್ತು!" ಎಂದಳು. ಇಬ್ಬರೂ ಒಟ್ಟಿಗೇ ಎದ್ದು, ಒಟ್ಟಿಗೇ, "ಹೇಗಿತ್ತು?" ಎಂದರು.

ಎರಡು ದಾರಿಗಳಿದ್ದವು. ಹಾಲೂ ಬೇಡ, ಹೆಚ್ಚಿನ ಪುಡಿಯೂ ಬೇಡ. ಇಲ್ಲವೇ ಎರಡೂ ಮೊದಲಿನ ಹಾಗೇ ಇರಲಿ. ಮೊದಲನೆಯದು ಒಳ್ಳೆಯದು, ಎರಡನೆಯದು ನಡೆಯುತ್ತದೆ, ಮನೆಯಲ್ಲಿ ಮಾತಾಡಿಕೊಂಡು ಹೇಳಿ ಎಂದಳು ಡಾಕ್ಟರಮ್ಮ, ಅದೇ ಎಲ್ಲಕ್ಕಿಂತ ಸುಲಭ ಎನ್ನುವ ಹಾಗೆ. ಸದ್ಯಕ್ಕೆ ಒಂದೆರಡು ದಿನ ಪುಡಿ ನಿಲ್ಲಿಸಿ ಒಂದೊಂದು ಚಮಚ ಹಾಲು ಕೊಡಬೇಕು, ಹೊಟ್ಟೆ ಸಡಿಲವಾಗಲು. ಹೀಗೆ ಅವನ ಹಾಲು ಔಷಧಿಯಾಯಿತು. ಮನೆಗೆ ಬಂದು, ದೀಪ ಹಾಕಿ, ಹೆಂಡತಿಯ ಕಣ್ಣೆದುರಿಗೇ ತಟ್ಟೆ ತೆಗೆದು, ಚಮಚವನ್ನು ಅಂಚಿಗೆ ಸರಿಯಾಗಿ ತುಂಬಿ ಹಾಕಿ ಕೆಳಗಿಟ್ಟ. ದೊರೆ ಬಂದು ಮೂಸಿತು. ವಾರವಿಡೀ ಮೋಸ ಹೋದ ಗಿರಾಕಿ ಅದು. ತಟ್ಟೆಯನ್ನೊಮ್ಮೆ, ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಕುರ್ಚಿ ಹತ್ತಿ ಮಲಗಿತು.

"ಬೆಳಿಗ್ಗೆ ಕೊಡಿ" ಎಂದಳು ಹೆಂಡತಿ. "ಅದಕ್ಕೆ ಅದೇ ಅಭ್ಯಾಸ."

ಬೆಳಿಗ್ಗೆ ಅವನಿಗೆ ಎಂದಿನ ಹೊತ್ತಿಗೇ ಎಚ್ಚರವಾಯಿತು. ಏಳಲಿಲ್ಲ. ಎಲ್ಲರಿಗೂ ಗೊತ್ತಿರುವ ಕಳ್ಳತನಕ್ಕೆ ಹೇಗೆ ಏಳುವುದು? ಚಾವಣಿಯ ಮೇಲೆ ಬೆಳಕು ನಿಧಾನವಾಗಿ ಬೆಳ್ಳಗಾಗುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ದೊರೆ ಒಮ್ಮೆ ಕೂಗಿತು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೂಗಿತು. ಪಕ್ಕದಲ್ಲಿ ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು. ಉಸಿರು ತೀರಾ ಕ್ರಮವಾಗಿತ್ತು, ನಿದ್ದೆಯಲ್ಲಿ ಯಾರೂ ಅಷ್ಟು ಕ್ರಮವಾಗಿ ಉಸಿರಾಡುವುದಿಲ್ಲ. ಇಷ್ಟು ವರ್ಷವೂ ಹೀಗೇ ಉಸಿರಾಡಿರಬೇಕು, ತಾನು ಒಮ್ಮೆಯೂ ಕಿವಿಗೊಡಲಿಲ್ಲ ಎಂದು ಅವನಿಗೆ ದುಃಖವಾಯಿತು.

"ಹೋಗಿ" ಎಂದಳು, ಕಣ್ಣು ತೆರೆಯದೆ. "ನಾನಿನ್ನೂ ಎದ್ದಿಲ್ಲ."

ಅವನು ಸದ್ದಾಗದಂತೆ ಎದ್ದು ಹೋಗಿ ಹಾಲು ತೆಗೆದ. ಒಂದು ಚಮಚ, ಅದಕ್ಕಿಂತ ಹೆಚ್ಚಿಲ್ಲ, ಕಮ್ಮಿಯಿಲ್ಲ. ದೊರೆ ಈ ಸಲವೂ ಮೊದಲು ಮೂಸಿತು, ಮೂತಿಯ ತುದಿಯನ್ನು ಅದ್ದಿ ಪರೀಕ್ಷಿಸಿತು, ಆಮೇಲೆ ಅವನನ್ನೇ ನೋಡುತ್ತ ಕುಡಿಯತೊಡಗಿತು. ಅವನು ನೆಲದ ಮೇಲೆ, ತೆಳುಗೋಡೆಗೆ ಬೆನ್ನು ಕೊಟ್ಟು ಕೂತ.

"ನಿನ್ನೆ ಏನಾಯ್ತು ಗೊತ್ತಾ" ಎಂದು ಪಿಸುಗುಟ್ಟಿದ. "ಕಾಳಿನ ಅಂಗಡಿ ಮುದುಕ ಒಬ್ಬ, ಹಿಡಿಗೆ ಮುದ್ರೆ ಯಾರು ಒತ್ತಿದ್ದು ಅಂದ್ರೆ..." ಎಂದವನು ಮಾತು ನಿಲ್ಲಿಸಿ, ಗೋಡೆಯ ಕಡೆಗೊಮ್ಮೆ ನೋಡಿ, ದೊರೆಗೆ ಬೇಕಾದದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಮತ್ತೆ ಮೊದಲಿನಿಂದ ಶುರುಮಾಡಿದ.